ಕರೆಂಟ್ ಹೋದ್ರ ಏನಾಗ್ತದ? ನಾ ಗೇಮ್ ತಗೊಳ್ಳೋ ಮೊದ್ಲ ಕೇಳೋ ಒಂದೇ ಪ್ರಶ್ನಿ

ನಮಸ್ಕಾರ್ರಿ ಎಲ್ಲಾರಿಗೂ. ಈಗ ಸ್ಕ್ರೀನ್ ಮ್ಯಾಲ ಕಾಣ್ಲತ್ತದಲ್ಲ, ಇದು ನಮ್ಮ ಮನಿ ಮಾಳಿಗಿ, ಟೈಮ್ ಸಂಜಿ ಆರೂವರಿ, ಬಿಸಿಲು ಇಳದ್ರೂ ನೆಲ ಇನ್ನಾ ಕಾಲ್ ಸುಡ್ಲತ್ತದ, ಕಲಬುರಗಿ ಮೇ ತಿಂಗಳು ಅಂದ್ರ ನಿಮಗ ನಾ ಏನ್ ಹೇಳೋದು. ಕೆಳಗ ಓಣಿದಾಗ ಘರ್ರ್ ಅಂತ ಕೇಳ್ಲತ್ತದಲ್ಲ, ಅವು ಕೂಲರ್‌ಗೋಳು, ಎಲ್ಲಾ ಮನ್ಯಾಗ ಒಮ್ಮಿಗೇ ಚಾಲೂ ಆಗ್ಯಾವ, ಆ ಸಪ್ಪಳ ಜರಾ ನೆನಪಿಟ್ಕೋರಿ, ಮುಂದ ಬರ್ತದ.

ಹುಡುಗ್ರು ಸಿಕ್ಕಲ್ಲಿ ಕೇಳ್ತಾರ, ಅಣ್ಣಾ ಯಾವ್ ಪಿಸಿ ತಗೊಳ್ಳಲಿ, ಯಾವ್ ಗ್ರಾಫಿಕ್ಸ್ ಕಾರ್ಡ್ ಚಲೋ, ಎಷ್ಟು ಎಫ್‌ಪಿಎಸ್, ಅಂದ್ರ ಸೆಕೆಂಡಿಗಿ ಎಷ್ಟು ಫ್ರೇಮ್ ಬರ್ತದ. ನಾ ತಿರುಗಿ ಒಂದೇ ಕೇಳ್ತೀನಿ: ಆಡ್ಲತ್ತಾಗ ಕರೆಂಟ್ ಹೋದ್ರ ಏನಾಗ್ತದ? ನಗ್ತಾರ. ನಗಬ್ಯಾಡ್ರಿ, ಎಸಿ ರೂಮ್‌ನಾಗ ಕುಂತು ರಿವ್ಯೂ ಮಾಡೋ ಮಂದಿ ಈ ಪ್ರಶ್ನಿ ಕೇಳಂಗೇ ಇಲ್ಲ, ಅವರಿಗಿ ಬೇಕಾಗೇ ಇಲ್ಲ ಬಿಡ್ರಿ, ನಮಗ ಬೇಕು.

ಈ ಹುಚ್ಚು ಹಿಡಿದಿದ್ದು ಜಿಟಿಎ ವೈಸ್ ಸಿಟಿ ಅನ್ನೋ ಗೇಮಿನಿಂದ. ಗೇಮ್ ಬಂದಿದ್ದು 2002ರಾಗ, ನಮ್ಮ ಓಣಿಗಿ ಸೀಡಿ ಬರೋದ್ರಾಗ ಎಷ್ಟೋ ವರ್ಷ ಆಗಿತ್ತು, ನಾ ಆಗ ಎಂಟ್ನೇ ಕ್ಲಾಸ್. ಅದರಾಗ ಆ ಆಟಿಗಿ ಹೆಲಿಕಾಪ್ಟರ್ ಮಿಷನ್ ಅದಲ್ಲ, ಕಟ್ಲತ್ತಿರೋ ಬಿಲ್ಡಿಂಗ್‌ನಾಗ ಒಂದೊಂದೇ ಬಾಂಬ್ ಒಯ್ದು ಇಡೋದು, ನಾಕು ಬಾಂಬ್, ಮ್ಯಾಲ ಟೈಮರ್ ಓಡ್ಲತ್ತಿರ್ತದ, ಕೀಬೋರ್ಡಿನ ನಂಬರ್ ಬಟನ್‌ನಾಗ ಅದನ್ನ ಹಿಡಿದು ನಿಲ್ಲಿಸೋದ್ರಾಗ ಬೆವರು ಕಿತ್ತು ಬರ್ತದ, ಆಡಿದವರಿಗೇ ಗೊತ್ತು. ನಾಕು ದಿನ ಹೈರಾಣ ಆಗಿ ಒಂದ್ ಸಂಜಿ ಪಾಸ್ ಆದೆ. ಮಿಷನ್ ಪಾಸ್ ಅಂತ ಬಂತು, ಆ ಮ್ಯೂಸಿಕ್ಕೂ ಬಂತು. ಖರೇ ಆ ಗೇಮ್‌ನಾಗ ಎಲ್ಲಿ ಬೇಕಲ್ಲಿ ಸೇವ್ ಮಾಡ್ಲಾಕ ಬರಂಗಿಲ್ಲ, ಹೋಟೆಲ್‌ಗೆ ಹೋಗಿ ಒಳಗ ತಿರಗ್ತಿರೋ ಕ್ಯಾಸೆಟ್ ಮುಟ್ಟಬೇಕು. ಕಾರ್ ಹತ್ತಿ ಹೊಂಟೆ, ಹೋಟೆಲ್ ಕಾಣ್ತು, ಬಾಗಿಲ ಮುಂದ ಕಾರ್ ನಿಲ್ಲಿಸಿದೆ. ಫ್ಯಾನ್ ಸಪ್ಪಳ ಒಂದೀಟು ಇಳೀತು, ತಲಿ ಎತ್ತಿ ನೋಡಿದೆ, ತಿರುಗಿ ಮಾನಿಟರ್ ನೋಡೋದ್ರಾಗ ಕರ್ರಗ. ಹೊರಗ ಓಣಿ ಹುಡುಗ್ರು ಎಲ್ಲಾ ಸೇರಿ ಹೋ ಅಂತ ಒದರಿದ್ರು. ಅಡಗಿ ಮನಿಯಿಂದ ಅವ್ವ, ಚಲೋ ಆತು, ಈಗರೇ ಬಂದು ಉಣ್ಣು ಅಂದ್ಳು. ಆವತ್ತು ರೊಟ್ಟಿ ಗಂಟಲಾಗ ಇಳೀಲಿಲ್ಲ ಅಂದ್ರ ಸುಳ್ಳಾಗ್ತದ, ನಾಕು ತಿಂದೆ, ಆದ್ರ ಯಾರ್ ಜೋಡಿನೂ ಮಾತಾಡಲಿಲ್ಲ.

ಆವತ್ತಿನಿಂದ ಯಾವ ಗೇಮ್ ನೋಡಿದ್ರೂ ಇದು ಸೇವ್ ಹೆಂಗ ಆಗ್ತದ ಅಂತ ಮೊದ್ಲ ನೋಡ್ತೀನಿ.

ಸ್ಟಾರ್‌ಡ್ಯೂ ವ್ಯಾಲಿ ತಗೋರಿ, 2016ರಾಗ ಬಂದಿದ್ದು, ಎರಿಕ್ ಬರೋನ್ ಅನ್ನೋ ಒಬ್ಬನೇ ಮನಶಾ ಕುಂತು ಮಾಡಿದ್ದು, ಹೊಲದ ಆಟ, ಬಿತ್ತೋದು ನೀರ್ ಹಾಕೋದು ಕಿತ್ತೋದು. ಪಿಸಿದಾಗ ಅದು ಸೇವ್ ಆಗೋದು ರಾತ್ರಿ ಮಲಗಿದಾಗ ಅಷ್ಟೇ. ಕೇಳಿದ್ ಕೂಡ್ಲೇ ಅಯ್ಯೋ ಅನಿಸ್ತದ, ಆದ್ರ ಲೆಕ್ಕ ಹಾಕ್ರಿ, ಅದರಾಗಿನ ಒಂದ್ ದಿನ ಅಂದ್ರ ನಮ್ಮ 14 ನಿಮಿಷದಷ್ಟು, ಹೋದ್ರ ಅಷ್ಟೇ ಹೋಗ್ತದ. ಒಂದ್ ಚಾ ಕುಡಿಯೋ ಹೊತ್ತು. ಅದಕ್ಕ ನನ್ನ ಕಡಿಂದ ಪಾಸ್. ಎಲ್ಡನ್ ರಿಂಗ್ ಇನ್ನೊಂಥರ, 2022ರದು, ಹೆಜ್ಜಿ ಹೆಜ್ಜಿಗೂ ತಾನೇ ಸೇವ್ ಮಾಡ್ಕೋತ ಹೋಗ್ತದ, ನೀ ಸತ್ತಿದ್ದೂ ಸೇವ್ ಆಗ್ತದ ಮಗನೇ, ತಪ್ಪಿಸ್ಕೊಳ್ಳಾಂಗಿಲ್ಲ. ಮಂದಿ ಅದು ಕಠಿಣ ಅಂತ ಅಳ್ತಾರ, ನನಗ ಅದರಷ್ಟು ದಯಾ ಇರೋ ಗೇಮ್ ಇನ್ನೊಂದ್ ಕಂಡಿಲ್ಲ, ಕರೆಂಟಿನ ವಿಷಯದಾಗ ಹೇಳ್ಲತ್ತೀನಿ.

ಆನ್‌ಲೈನ್ ಗೇಮ್ ಅಂದ್ರ ನಾ ಕೈ ಮುಗೀತೀನಿ. ರ‍್ಯಾಂಕ್ ಮ್ಯಾಚ್ ನಡುವ ಕರೆಂಟ್ ಹೋದ್ರ ಟೀಮ್‌ನವರು ಬೈತಾರ, ಗೇಮೂ ಓಡಿ ಹೋದ ಅಂತ ಪೆನಾಲ್ಟಿ ಹಾಕ್ತದ. ರೌಟರ್‌ಗೆ ಅಂತ ಸಣ್ಣ 12 ವೋಲ್ಟಿಂದು ಯುಪಿಎಸ್ ತಂದು ಹಚ್ಚಿದೆ, ಶಾಣ್ಯಾ ಆದೆ ಅನ್ಕೊಂಡೆ, ಮುಂದಿನ ಸಲ ಕರೆಂಟ್ ಹೋದಾಗ ರೌಟರ್ ಲೈಟ್ ಹತ್ತೇ ಇತ್ತು, ನೆಟ್ ಮಾತ್ರ ಇಲ್ಲ. ಹೋಗಿ ನೋಡಿದ್ರ ಓಣಿ ತುದಿ ಕಂಬಕ್ಕ ಕೇಬಲ್‌ನವರು ಕಟ್ಟಿದ್ದ ಡಬ್ಬಿಗೇ ಬ್ಯಾಕಪ್ ಇಲ್ಲ. ನಮ್ಮನ್ಯಾಗ ದೀಪ ಹಚ್ಚಿ ಏನ್ ಮಾಡೋದು, ಊರೇ ಕತ್ತಲಿ.

ಫೋನ್‌ನಾಗ ಬಿಜಿಎಂಐ ಅನ್ನೋ ಗುಂಡು ಹಾರಿಸೋ ಗೇಮ್ ಆಡೋ ಹುಡುಗ್ರು ಹೇಳ್ತಾರ, ಅಣ್ಣಾ ಫೋನ್‌ನಾಗ ಬ್ಯಾಟರಿ ಇರ್ತದಲ್ಲ ಏನ್ ಚಿಂತಿ. ಖರೇ ಅದ. ಆದ್ರ ಐಫೋನ್ ಮಾಡೋರೇ ಸುತ್ತಿನ ಶಾಖ 35 ಡಿಗ್ರಿ ಒಳಗ ಇರ್ಬೇಕು ಅಂತ ಬರದಾರ, ಇಲ್ಲಿ ನೆಳ್ಳಾಗೇ 42. ಮಾಳಿಗಿ ಮ್ಯಾಲ ಕುಂತು ಆಡಿದ್ರ ಸ್ಕ್ರೀನ್ ತಾನೇ ಮಬ್ಬಾಗ್ತದ, ಫ್ರೇಮ್ ಇಳೀತದ, ಅದು ಫೋನಿನ ತಪ್ಪಲ್ಲ, ತನ್ನ ಜೀವ ಉಳಿಸ್ಕೊಳ್ಲತ್ತದ.

ಈಗ ಕೂಲರ್ ಕತಿಗಿ ಬರ್ರಿ. ಇನ್ವರ್ಟರ್ ಅದ ನಮ್ಮನ್ಯಾಗ, ಆದ್ರೂ ಕರೆಂಟ್ ಹೋದಾಗ ಫ್ಯಾನ್ ಲೈಟ್ ಚಲೋ ಇರ್ತಿದ್ವು, ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್. ಎರಡ್ ವರ್ಷ ಹಿಂಗೇ ನಡೀತು, ನಾ ಎಸ್‌ಎಂಪಿಎಸ್, ಅಂದ್ರ ಕಂಪ್ಯೂಟರಿಗಿ ಕರೆಂಟ್ ಕೊಡೋ ಡಬ್ಬಿ, ಕೆಟ್ಟದ ಅಂತ ಅದನ್ನೂ ಬದಲಿ ಮಾಡಿಸೀನಿ, ರೊಕ್ಕ ನೀರಾಗ. ಆಮ್ಯಾಲ ಇನ್ವರ್ಟರ್ ರಿಪೇರಿ ಕಾಕಾ ಬಂದ್ರು, ಮಿಷನ್ ಜರಾ ಹೊರಳಿಸಿ ಹಿಂದ ಬೆರಳು ಹಚ್ಚಿ ತೋರಿಸಿದ್ರು, ಧೂಳಿನಾಗ ಮುಚ್ಚಿದ್ದ ಒಂದ್ ಸಣ್ಣ ಸ್ವಿಚ್, ಒಂದ್ ಕಡಿ ಯುಪಿಎಸ್ ಇನ್ನೊಂದ್ ಕಡಿ ಈಕೋ ಅಂತ ಬರ್ದಾರ. ಈಕೋದಾಗಿದ್ರ ಬ್ಯಾಟರಿಗಿ ಹೊರಳ್ಲಾಕ ಜರಾ ತಡಾ ಆಗ್ತದ, ಅಷ್ಟರಾಗ ಕಂಪ್ಯೂಟರ್ ಸತ್ತು ಹೋಗ್ತದ. ಯುಪಿಎಸ್ ಕಡಿ ಒತ್ತಿದ್ರ ಸುಮಾರ್ 10 ಮಿಲಿ ಸೆಕೆಂಡಿನಾಗ ಹೊರಳ್ತದ, ಅಷ್ಟ್ ಹೊತ್ತು ಎಸ್‌ಎಂಪಿಎಸ್ ಉಸಿರು ಹಿಡ್ಕೊಂಡು ನಿಲ್ತದ. ಟಕ್ ಅಂತ ಒತ್ತಿ ಮೇನ್ ಬಂದ್ ಮಾಡಿದ್ರು, ಕಂಪ್ಯೂಟರ್ ಕಣ್ಣು ಪಿಳುಕಿಸಲಿಲ್ಲ. ತಗೋ ತಮ್ಮಾ, ಇಷ್ಟೇ ಇತ್ತು ಅಂದ್ರು. ನನಗ ನಗ್ಬೇಕೋ ಅಳ್ಬೇಕೋ ತಿಳೀಲಿಲ್ಲ.

ಅದರಾಗೂ ಒಂದ್ ಕಿತಾಪತಿ ಅದ. ಯುಪಿಎಸ್ ಮೋಡ್‌ನಾಗ ಇನ್ವರ್ಟರ್ ಭಾಳ ಮಡಿ ಮಾಡ್ತದ, ವೋಲ್ಟೇಜ್ 180ರ ಕೆಳಗ ಇಳೀತಂದ್ರ ಕರೆಂಟ್ ಇದ್ರೂ ಬ್ಯಾಡ ಅಂತ ಬ್ಯಾಟರಿಗಿ ಹೋಗ್ತದ. ಈಕೋದಾಗಿದ್ರ 100ರ ತನಕಾನೂ ತಡ್ಕೋತದ. ಸಂಜಿ ಆರೂವರಿಗಿ ಓಣಿ ಕೂಲರ್ ಎಲ್ಲಾ ಒಮ್ಮಿಗೇ ಚಾಲೂ ಆದ್ರ ವೋಲ್ಟೇಜ್ ಎಲ್ಲಿ ಇರ್ತದ ಹೇಳ್ರಿ? ಲೈಟ್ ಕೆಂಪಗ ಆಗ್ತದ, ಇನ್ವರ್ಟರ್ ಟಕ್ ಅಂತದ, ರಾತ್ರಿ ಕರೆಂಟ್ ಖರೇನೇ ಹೋಗೋದ್ರಾಗ ಬ್ಯಾಟರಿ ಅರ್ಧಾ ಆಗಿರ್ತದ, ಆಮ್ಯಾಲ ಅವ್ವ ಬೀಸಣಿಗಿ ಹಿಡ್ಕೊಂಡು ನನ್ನೇ ನೋಡ್ತಾಳ.

ಸಾಫ್ಟ್‌ವೇರೂ ಇದೇ ಲೆಕ್ಕ ನಂದು. ವರ್ಡ್ ಇರ್ಲಿ ಲಿಬ್ರೆ ಆಫೀಸ್ ಇರ್ಲಿ, ಆಟೋ ರಿಕವರಿ 10 ನಿಮಿಷಕ್ಕ ಇಟ್ಟಿರ್ತಾರ, ಹಾಕಿದ್ ಕೂಡ್ಲೇ ಮೊದ್ಲ ಅದನ್ನ 1 ಮಾಡ್ತೀನಿ. ಎಡಿಟಿಂಗ್‌ಗೆ ಡಾವಿಂಚಿ ರಿಸಾಲ್ವ್, ಫುಕಟ್ ಸಿಗ್ತದ ಅಂತ ಅಲ್ಲ, ಲೈವ್ ಸೇವ್ ಅದ ಅಂತ, ಮಾಡಿದ್ದು ಮಾಡಿದಂಗ ತಾನೇ ಸೇವ್ ಆಗ್ತದ. ಸ್ಕ್ರೀನ್ ರೆಕಾರ್ಡಿಂಗ್‌ಗೆ ಓಬಿಎಸ್, ಇದರಾಗ ಒಂದ್ ಪಾಠ ಕಲ್ತೀನಿ: ಎಂಪಿ4 ಅನ್ನೋ ಫೈಲ್ ನಮೂನಿದಾಗ ರೆಕಾರ್ಡ್ ಮಾಡ್ಲತ್ತಾಗ ಕರೆಂಟ್ ಹೋತಂದ್ರ ಫೈಲಿನ ಲೆಕ್ಕಪತ್ರ ಕಡೀಕ ಬರಿಯೋದು ಉಳೀತದ, 40 ನಿಮಿಷದ ವಿಡಿಯೋ ಅದ, ಜಾಗಾನೂ ತಿಂದದ, ತೆರಿಯಂಗಿಲ್ಲ. ಹಂಗ ಆಗ್ತದ ಅಂತ ಓಬಿಎಸ್‌ನವರೇ ಸೆಟ್ಟಿಂಗ್‌ನಾಗ ಬರದಿದ್ರು, ನಾ ಓದಿರಲಿಲ್ಲ. ಎಂಕೆವಿ ಅನ್ನೋ ಇನ್ನೊಂದ್ ನಮೂನಿದಾಗ ಇಡ್ರಿ, ಕರೆಂಟ್ ಹೋದ್ರ ಅಲ್ಲೀ ತನಕಾ ಆಗಿದ್ದು ಉಳೀತದ, ಆಮ್ಯಾಲ ಓಬಿಎಸ್‌ನಾಗೇ ಎಂಪಿ4 ಮಾಡ್ಕೋಬಹುದು, ನಿಮಿಷದ ಕೆಲ್ಸ.

ಹಂಗಾರ ಲ್ಯಾಪ್‌ಟಾಪೋ ಡೆಸ್ಕ್‌ಟಾಪೋ? ಬೆಂಗಳೂರಾಗಿರೋ ನನ್ನ ಗೆಳೆಯ ಅಂತಾನ, ಅದೇ ರೊಕ್ಕದಾಗ ಡೆಸ್ಕ್‌ಟಾಪ್ ಭಾರಿ ಬರ್ತದ, 144 ಹರ್ಟ್ಸ್ ಮಾನಿಟರ್ ಹಾಕು. ಬರ್ತದಪ್ಪಾ. ನಾನೂ ಡೆಸ್ಕ್‌ಟಾಪೇ ಇಟ್ಕೊಂಡೀನಿ, ಯಾಕಂದ್ರ ಈ ಸೆಕಿದಾಗ ಗೇಮಿಂಗ್ ಲ್ಯಾಪ್‌ಟಾಪ್ ಮುಟ್ಟಿದ್ರ ರೊಟ್ಟಿ ಹಂಚು. ಆದ್ರ ಗ್ರಾಫಿಕ್ಸ್ ಕಾರ್ಡ್ ಒಂದ್ ನಂಬರ್ ಕೆಳಗಿಂದು ತಗೋರಿ, ಉಳಿದಿದ್ದ ರೊಕ್ಕದಾಗ 600 ವಿಎದು ಯುಪಿಎಸ್ ಇಡ್ರಿ. ಅದು ಆಡ್ಲಾಕ ಅಲ್ಲ, ಹೋಟೆಲ್ ತನಕಾ ಹೋಗಿ ಕ್ಯಾಸೆಟ್ ಮುಟ್ಲಾಕ.

ಕೆಳಗಿಂದ ಅವ್ವ ಕರೀಲತ್ತಾಳ, ಬ್ಯಾಟರಿ ನೀರು ಇಳಿದಾವ ಅಂತ, ಮೂರ್ ದಿನ ಆತು ಹೇಳ್ಲತ್ತಾಳ. ಸೂಪರ್ ಮಾರ್ಕೆಟ್ ಕಡಿ ಹೋಗಿ ಡಿಸ್ಟಿಲ್ಡ್ ವಾಟರ್ ಡಬ್ಬಿ ತರ್ಬೇಕು, ಅಂಗಡಿ ಮುಚ್ಚೋದ್ರೊಳಗ. ಕ್ಯಾಮೆರಾ ಬಂದ್ ಮಾಡ್ಲತ್ತೀನಿ, ಸಿಗೋಣ್ರಿ.