ಹೊಟ್ಟೆಯ ಸ್ನಾಯುವಿನ ಚೂರು, ಹೃದಯಕ್ಕೆ ಮದ್ದು

(ತೆರೆಯ ಮೇಲೆ: ತೆರೆದ ಎದೆಯೊಳಗೆ ನಿಧಾನವಾಗಿ ಅದುರುವ ಪುಟ್ಟ ಹೃದಯ, ಪಕ್ಕದಲ್ಲಿ ಹೃದಯ, ಶ್ವಾಸಕೋಶಗಳ ಕೆಲಸ ಮಾಡುವ ಎಕ್ಮೊ ಯಂತ್ರ)

ಶಸ್ತ್ರಚಿಕಿತ್ಸೆ ಮುಗಿದಿದೆ, ರಕ್ತ ಮತ್ತೆ ಹರಿಯುತ್ತಿದೆ. ಆದರೂ ಮಗುವಿನ ಹೃದಯಕ್ಕೆ ಬಡಿಯುವ ಬಲವಿಲ್ಲ. ಅದರ ಕೆಲಸವನ್ನು ಯಂತ್ರ ಮಾಡುತ್ತಿದೆ.

ಏಕೆ ಹೀಗೆ? ಹೃದಯದ ಸ್ನಾಯುಕೋಶದ ಸುಮಾರು ಮೂರನೆಯ ಒಂದು ಭಾಗವನ್ನು ಮೈಟೊಕಾಂಡ್ರಿಯಗಳೇ ತುಂಬಿಕೊಂಡಿರುತ್ತವೆ. ಶಕ್ತಿ ತಯಾರಾಗುವುದು ಅಲ್ಲಿಯೇ. ರಕ್ತ ನಿಂತಾಗ ಅವು ಹಾಳಾಗುತ್ತವೆ. ರಕ್ತ ಮರಳಿದ ಮಾತ್ರಕ್ಕೆ ಸರಿಹೋಗುವುದಿಲ್ಲ.

(ತೆರೆಯ ಮೇಲೆ: ಸ್ನಾಯುವಿನ ಚೂರು, ಸೋಸುವ ಜಾಲರಿ, ಸಿರಿಂಜ್)

ಬಾಸ್ಟನ್ ಮಕ್ಕಳ ಆಸ್ಪತ್ರೆಯಲ್ಲಿ ವಿಜ್ಞಾನಿ ಜೇಮ್ಸ್ ಮೆಕಲಿ ಮತ್ತು ಶಸ್ತ್ರವೈದ್ಯ ಸೀತಾರಾಮ್ ಎಮಾನಿ ಅವರ ತಂಡ ಕಂಡುಕೊಂಡ ಉಪಾಯ ಅಡುಗೆಮನೆಯ ಕೆಲಸದಂತಿದೆ. ಮಗುವಿನದೇ ಹೊಟ್ಟೆಯ ಸ್ನಾಯುವಿನಿಂದ ಕಾಳಿನಷ್ಟು ಚೂರು ತೆಗೆಯುವುದು, ಅರೆಯುವುದು, ಸೋಸುವುದು, ಉಳಿದ ಮೈಟೊಕಾಂಡ್ರಿಯಗಳನ್ನು ಹೃದಯದ ಸೋತ ಭಾಗಕ್ಕೆ ಚುಚ್ಚುವುದು. ಸಿದ್ಧತೆಗೆ ಅರ್ಧ ಗಂಟೆ ಸಾಕು. ಮಗುವಿನದೇ ಆದ್ದರಿಂದ ದೇಹ ತಿರಸ್ಕರಿಸುವ ಭಯವಿಲ್ಲ.

2017ರಲ್ಲಿ ಪ್ರಕಟವಾದ ವರದಿಯಲ್ಲಿ ಐದು ಮಕ್ಕಳಲ್ಲಿ ನಾಲ್ವರು ಯಂತ್ರದಿಂದ ಹೊರಬಂದಿದ್ದರು. 2021ರ ವರದಿಯಲ್ಲಿ ಹತ್ತರಲ್ಲಿ ಎಂಟು. ಈ ಚಿಕಿತ್ಸೆ ಪಡೆಯದವರಲ್ಲಿ 14ಕ್ಕೆ ನಾಲ್ಕು. ಚಪ್ಪಾಳೆ ತಟ್ಟುವ ಮುನ್ನ ಗಮನಿಸಿ: ಚಿಕಿತ್ಸೆ ಪಡೆಯದ ಗುಂಪಿನವರ ವಿವರವನ್ನು ಹಳೆಯ ದಾಖಲೆಗಳಿಂದ ಹೆಕ್ಕಲಾಗಿತ್ತು.

ಹುಟ್ಟಿನಿಂದಲೇ ಮೈಟೊಕಾಂಡ್ರಿಯ ದೋಷವಿರುವ ಮಗುವಿಗೆ ಈ ದಾರಿ ನಡೆಯದು, ಅದರ ಸ್ನಾಯುವಿನಲ್ಲೂ ಅದೇ ದೋಷವಿರಬಹುದು. ಇಸ್ರೇಲ್‌ನ ಶೀಬಾ ವೈದ್ಯಕೀಯ ಕೇಂದ್ರದವರು ಇಂತಹ ಕೆಲವು ಮಕ್ಕಳ ರಕ್ತದ ಆಕರಕೋಶಗಳಿಗೆ (ಹೊಸ ರಕ್ತಕೋಶ ಹುಟ್ಟಿಸುವ ಸ್ಟೆಮ್ ಸೆಲ್‌ಗಳಿಗೆ) ತಾಯಿಯ ಮೈಟೊಕಾಂಡ್ರಿಯ ತುಂಬಿ, ಮರಳಿ ದೇಹಕ್ಕೆ ಸೇರಿಸಿದರು. ನಮಗೆ ಮೈಟೊಕಾಂಡ್ರಿಯ ಬರುವುದೇ ತಾಯಿಯಿಂದ. ಇಲ್ಲಿ ತಾಯಿ ಎರಡನೆಯ ಬಾರಿ ಕೊಟ್ಟಂತಾಯಿತು.

(ತೆರೆಯ ಮೇಲೆ: ಜೀವಕೋಶದ ಹೊರಗೆ ಒತ್ತೊತ್ತಾದ ಕ್ಯಾಲ್ಸಿಯಂ ಚುಕ್ಕೆಗಳು, ಒಳಗೆ ಬೆರಳೆಣಿಕೆಯಷ್ಟು)

ಇನ್ನು ತಕರಾರು. ಜೀವಕೋಶದ ಹೊರಗಿನ ಕ್ಯಾಲ್ಸಿಯಂ ಒಳಗಿನದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚು. ಬರಿಮೈಯ ಮೈಟೊಕಾಂಡ್ರಿಯ ಅದನ್ನು ಹೀರಿ ಊದಿಕೊಂಡು ಒಡೆಯಬೇಕಿತ್ತು. ಬದುಕಿ ಒಳಸೇರಿದರೂ, ಹೃದಯದಲ್ಲಿ ಇರುವವುಗಳ ಮುಂದೆ ಅವು ಎಷ್ಟರವು? ಹಾಲಿಗೆ ಹೆಪ್ಪು ಹಾಕಿದಂತೆ ಎನ್ನೋಣವೆಂದರೆ, ಇವು ಹೆಪ್ಪಿನಂತೆ ಬೆಳೆದು ಹೃದಯವನ್ನೆಲ್ಲ ತುಂಬುತ್ತವೆ ಎಂಬುದಕ್ಕೆ ಪುರಾವೆಯಿಲ್ಲ. ಶಕ್ತಿ ಕೊಡುವ ಬದಲು ಪಕ್ಕದ ಕೋಶಗಳನ್ನು ಎಚ್ಚರಿಸುತ್ತವೆಯೇನೋ ಎಂಬ ಊಹೆ ನನಗೆ ಹೆಚ್ಚು ಒಪ್ಪಿಗೆ.

ತೀರ್ಮಾನಕ್ಕೆ ಬೇಕಿರುವುದು ಚೀಟಿ ಎತ್ತಿ ಗುಂಪು ಮಾಡುವ ದೊಡ್ಡ ಪ್ರಯೋಗ. ಆದರೆ ಯಂತ್ರದ ಮೇಲೆ ಮಲಗಿರುವ ಮಗುವಿನ ಹೆಸರಿನಲ್ಲಿ ಚೀಟಿ ಎತ್ತಲು ಅಪ್ಪ ಅಮ್ಮನನ್ನು ಕೇಳುವವರು ಯಾರು?