ಅಂಚಿನ ಬರಹ

ಕೇಳುಗರಿಗೆ ನಮಸ್ಕಾರ.

ಹಳೆಯ ನಾಣ್ಯ ಕೈಗೆ ಬಂದರೆ ನಮ್ಮ ಕಣ್ಣು ಮೊದಲು ಚಿತ್ರ ಹುಡುಕುತ್ತದೆ. ವಿಜಯನಗರದ ವರಹದಲ್ಲಿ ದೇವರಿದ್ದಾರೆ, ರೋಮನ್ ನಾಣ್ಯದಲ್ಲಿ ಚಕ್ರವರ್ತಿಯ ಮುಖವಿದೆ. ಅರಬ್ಬರ ಚಿನ್ನದ ನಾಣ್ಯವಾದ ದಿನಾರಿನಲ್ಲಿ ಎರಡು ಬದಿಯೂ ಬರೀ ಅಕ್ಷರ. ಮೊದಲು ಹಾಗಿರಲಿಲ್ಲ. ಡಮಾಸ್ಕಸ್ಸಿನ ಖಲೀಫ ಅಬ್ದುಲ್ ಮಲಿಕನ ಮೊದಲ ದಿನಾರುಗಳಲ್ಲಿ ಕತ್ತಿ ಹಿಡಿದು ನಿಂತ ಖಲೀಫನ ಚಿತ್ರವಿತ್ತು. ಇಸ್ಲಾಮೀ ಪಂಚಾಂಗದ ಹಿಜರಿ 77ರಲ್ಲಿ, ಅಂದರೆ ಕ್ರಿ.ಶ. 696–97ರಲ್ಲಿ, ಆತ ಅದನ್ನು ತೆಗೆಸಿ ಧಾರ್ಮಿಕ ವಾಕ್ಯಗಳನ್ನು ಹಾಕಿಸಿದ. ತೂಕ 4.25 ಗ್ರಾಂ. ಅಂಚಿನ ಸುತ್ತ ವರ್ಷ. ಸ್ವಲ್ಪದರಲ್ಲೇ ಬೆಳ್ಳಿಯ ದಿರ್ಹಮ್ ಕೂಡ ಇದೇ ದಾರಿ ಹಿಡಿಯಿತು. ತೆಳ್ಳಗೆ, ಅಗಲವಾಗಿ, ಮೂರು ಗ್ರಾಂಗಿಂತ ತುಸು ಕಡಿಮೆ ತೂಗುವ ಬಿಲ್ಲೆ ಅದು. ಅದರಲ್ಲಿ ವರ್ಷದ ಜೊತೆಗೆ ಟಂಕಸಾಲೆಯ ಊರೂ ಉಂಟು.

ಸಂಗ್ರಹಕಾರರ ಪೇಚಾಟ ಶುರುವಾಗುವುದು ಇಲ್ಲೇ. ವರ್ಷವನ್ನು ಅಂಕಿಯಲ್ಲಿ ಹಾಕಿಲ್ಲ, ಮಾತಿನಲ್ಲಿ ಬರೆದಿದ್ದಾರೆ. ಅದೂ ಕೂಫಿ ಎಂಬ ಹಳೆಯ ಅರಬ್ಬಿ ಲಿಪಿಯಲ್ಲಿ, ಅಕ್ಷರಗಳನ್ನು ಬೇರೆಬೇರೆ ಎಂದು ತೋರಿಸುವ ಚುಕ್ಕೆಗಳಿಲ್ಲದೆ. ಅರಬ್ಬಿಯಲ್ಲಿ ಏಳಕ್ಕೆ ಸಬ್ಅ, ಒಂಬತ್ತಕ್ಕೆ ತಿಸ್ಅ. ಚುಕ್ಕೆ ತೆಗೆದರೆ ಎರಡೂ ಸಾಲಾಗಿ ನಾಲ್ಕು ಹಲ್ಲು, ಅಂದರೆ ಹಲ್ಲಿನಂತೆ ಮೇಲೆದ್ದ ಪುಟ್ಟ ಗೀಟುಗಳು, ಕೊನೆಗೊಂದು ಅಕ್ಷರ, ಅಷ್ಟೇ. ಎಪ್ಪತ್ತು, ತೊಂಬತ್ತರ ಕಥೆಯೂ ಇದೇ. ಹಾಗಾಗಿ 77, 79, 97, 99 ನಾಲ್ಕೂ ಒಂದರಂತೆ ಒಂದು ಕಾಣುತ್ತವೆ. ಒಳ್ಳೆಯ ಅಚ್ಚಿನಲ್ಲಿ ಕೆತ್ತುವವರು ಒಂದು ಹಲ್ಲನ್ನು ಕೂದಲೆಳೆಯಷ್ಟು ಎತ್ತರ ಬಿಡುತ್ತಿದ್ದರು. ಬಲದಿಂದ ಓದುವಾಗ ಎತ್ತರದ ಹಲ್ಲು ಮೊದಲು ಬಂದರೆ ಒಂಬತ್ತು, ನಾಲ್ಕನೆಯದಾಗಿ ಬಂದರೆ ಏಳು. ಭೂತಗನ್ನಡಿ ಹಿಡಿದು ಹಲ್ಲೆಣಿಸುವುದು ಇದಕ್ಕೇ. ಸವೆದ ನಾಣ್ಯವಾದರೆ ಊರಿನ ಹೆಸರು ಕೈ ಹಿಡಿಯುತ್ತದೆ. ಇರಾಕಿನ ವಾಸಿತ್ ಪಟ್ಟಣವನ್ನು ಕಟ್ಟಿಸಿದ್ದೇ ಹಿಜರಿ 80ರ ದಶಕದಲ್ಲಿ. ಆದ್ದರಿಂದ ವಾಸಿತ್ ದಿರ್ಹಮಿಗೆ 77 ಅಥವಾ 79 ಎಂದು ಚೀಟಿ ಅಂಟಿಸಿದವರನ್ನು ಕಣ್ಣು ಮುಚ್ಚಿ ನಂಬಬೇಡಿ.

ಒಂದು ಸಾಲು ಬೆಲೆಯನ್ನು ಎಲ್ಲಿಗೆ ಒಯ್ಯುತ್ತದೆ ನೋಡಿ. ಹಿಜರಿ 105ರ ದಿನಾರುಗಳು ಹಲವಿವೆ. ಅವುಗಳಲ್ಲಿ ಬೆರಳೆಣಿಕೆಯವುಗಳ ಮೇಲೆ ಮಾತ್ರ ‘ಹಿಜಾಜಿನಲ್ಲಿರುವ, ವಿಶ್ವಾಸಿಗಳ ಒಡೆಯನ ಗಣಿ’ ಎಂಬ ಹೆಚ್ಚಿನ ಬರಹವಿದೆ. ಹಿಜಾಜ್ ಎಂದರೆ ಮೆಕ್ಕಾ, ಮದೀನಗಳಿರುವ ಸೀಮೆ, ವಿಶ್ವಾಸಿಗಳ ಒಡೆಯ ಎಂದರೆ ಖಲೀಫ. ಅಂಥದ್ದೊಂದು 2011ರಲ್ಲಿ ಲಂಡನ್ನಿನ ಹರಾಜಿನಲ್ಲಿ ಸುಮಾರು 37 ಲಕ್ಷ ಪೌಂಡಿಗೆ ಹೋಯಿತು. ತಕ್ಕಡಿಗೆ ಹಾಕಿದರೆ ಅದೂ ಉಳಿದವುಗಳಷ್ಟೇ ಚಿನ್ನ.

ಬರಹವನ್ನು ಓದುವುದು ಒಂದು, ನಂಬುವುದು ಇನ್ನೊಂದು. ದೆಹಲಿಯ ಸುಲ್ತಾನರು ಟಂಕ ಎಂಬ ತಮ್ಮ ನಾಣ್ಯದ ಮೇಲೆ ತಮ್ಮ ಹೆಸರಿನ ಜೊತೆಗೆ ಖಲೀಫನ ಹೆಸರನ್ನೂ ಹಾಕಿಸುತ್ತಿದ್ದರು. ಬಾಗ್ದಾದಿನ ಖಲೀಫ ಮುಸ್ತಅಸಿಮನನ್ನು 1258ರಲ್ಲಿ ಮಂಗೋಲರು ಕೊಂದರು. ದೆಹಲಿಯ ಬಲ್ಬನ್ ಸುಲ್ತಾನ ಪಟ್ಟಕ್ಕೆ ಬಂದದ್ದೇ ಅದಾದ ಮೇಲೆ. ಆದರೂ ಅವನ ಟಂಕದ ಮೇಲೆ ಸತ್ತ ಖಲೀಫನ ಹೆಸರೇ ಇದೆ, ಜಲಾಲುದ್ದೀನ್ ಖಿಲ್ಜಿಯ ಟಂಕದ ಮೇಲೂ ಅದೇ! ಹೊಸ ಖಲೀಫ ಯಾರೆಂದು ಗೊತ್ತಿಲ್ಲದಿದ್ದರೆ ಟಂಕಸಾಲೆಯವರಾದರೂ ಏನು ಮಾಡಿಯಾರು? ಖಲೀಫನ ಹೆಸರು ನೋಡಿ ಕಾಲ ಹೇಳಹೊರಟವರು ಇಲ್ಲಿ ಎಡವುತ್ತಾರೆ. ಸುಲ್ತಾನನ ಹೆಸರನ್ನೇ ಹಿಡಿಯಬೇಕು.

ನಮ್ಮ ಕಡೆಯ ಬಹಮನಿ ಟಂಕಗಳೂ ಈ ವಂಶದವೇ. ಅವುಗಳಲ್ಲಿ ಕಲಬುರಗಿ ‘ಅಹಸನಾಬಾದ್’, ಬೀದರ್ ‘ಮುಹಮ್ಮದಾಬಾದ್’. ಬೆಳ್ಳಿ ಟಂಕ ಸುಮಾರು 11 ಗ್ರಾಂ ತೂಗುತ್ತದೆ. ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು. ಹೀಗಾಗಿ ಎಷ್ಟೋ ಟಂಕಗಳಲ್ಲಿ ಊರು, ವರ್ಷ ಇರಬೇಕಾದ ಅಂಚೇ ಬಿಲ್ಲೆಯಿಂದ ಆಚೆ ಬಿದ್ದುಹೋಗಿದೆ. ಅಂಚು ಪೂರ್ತಿ ಮೂಡಿದ್ದು ಸಿಕ್ಕರೆ ನಾನಂತೂ ಚೌಕಾಸಿಗೆ ಇಳಿಯುವುದಿಲ್ಲ.

ಚಿನ್ನದ್ದನ್ನು ಕೊಳ್ಳುವವರಿಗೆ ಇನ್ನೊಂದು ಮಾತು. ಕಾಸಿನ ಸರ ನಮ್ಮಲ್ಲಷ್ಟೇ ಅಲ್ಲ, ಎಲ್ಲ ಕಡೆಯೂ ನಾಣ್ಯಗಳಿಗೆ ಕೊಂಡಿ ಹಾಕಿಸಿ ಕೊರಳಿಗೆ ಕಟ್ಟಿಕೊಂಡವರಿದ್ದಾರೆ. ಆ ಕೊಂಡಿ ಕಿತ್ತು, ಅರ ಉಜ್ಜಿ, ಹೊಳಪು ಕೊಟ್ಟು ಮಾರುತ್ತಾರೆ. ನಾಣ್ಯವನ್ನು ನಿಲ್ಲಿಸಿ ಹಿಡಿದು ಅಂಚನ್ನು ಸುತ್ತಲೂ ನೋಡಿ. ಒಂದೇ ಕಡೆ ಬೆಸುಗೆಯ ಗುಳ್ಳೆ ಅಥವಾ ಅರದ ಗೀರು ಕಂಡರೆ ಬೆಲೆ ಇಳಿಸಿ ಕೇಳಬಹುದು. ಸುತ್ತಲೂ ಗೆರೆ ಎಳೆದಂತೆ ಕೂಡುಸಾಲು ಕಂಡರೆ ಅದು ಎರಕ ಹೊಯ್ದ ಖೋಟಾ, ವಾಪಸ್ಸು ಕೊಡಿ. ಹೊಲ ಉಳುವಾಗ ಸಿಕ್ಕಿದ್ದು ಎಂದು ಯಾರಾದರೂ ಗುಟ್ಟಾಗಿ ತಂದುಕೊಟ್ಟರೆ ಕೊಳ್ಳಲೇಬೇಡಿ. ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬ ಕಾನೂನಿದೆ. ನೂರು ವರ್ಷ ದಾಟಿದ ನಾಣ್ಯವನ್ನು ದೇಶದಾಚೆ ಸಾಗಿಸುವುದೂ ಅಪರಾಧ.

ನಮಸ್ಕಾರ.