ಉಸಿರಿನೊಡನೆ ಏರಿಳಿಯುವ ನಾಡಿ

ಕೇಳುಗರಿಗೆ ನಮಸ್ಕಾರ.

ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ದಯವಿಟ್ಟು ಅವರನ್ನು ರೇಡಿಯೋ ಹತ್ತಿರ ಕರೆದು ಕೂರಿಸಿಕೊಳ್ಳಿ. ನಾನು ಹೇಳಬೇಕಾದದ್ದು ಒಂದೇ ಮಾತು: ಉಸಿರಿನೊಡನೆ ನಾಡಿ ಏರಿಳಿಯಬೇಕು. ಉಸಿರು ಒಳಗೆಳೆದಾಗ ನಾಡಿ ತುಸು ಚುರುಕಾಗಬೇಕು, ಹೊರಗೆ ಬಿಟ್ಟಾಗ ನಿಧಾನವಾಗಬೇಕು. ಮೆದುಳಿನಿಂದ ಹೊರಟು ಕತ್ತು, ಎದೆಗಳನ್ನು ದಾಟಿ ಹೊಟ್ಟೆಯವರೆಗೆ ಇಳಿಯುವ ವೇಗಸ್ ಎಂಬ ನರವು ಹೃದಯದ ಕಡಿವಾಣವನ್ನು ಹೀಗೆ ಸಡಿಲಿಸುತ್ತ, ಬಿಗಿಯುತ್ತ ಇರುತ್ತದೆ. ವರ್ಷಗಟ್ಟಲೆ ರಕ್ತದಲ್ಲಿ ಏರಿ ನಿಂತ ಸಕ್ಕರೆಯು ಪಾದದ ನರಗಳನ್ನು ಕೆಡಿಸುವಂತೆಯೇ ಈ ನರವನ್ನೂ ಕೆಡಿಸುತ್ತದೆ. ಪಾದ ಉರಿದರೆ ಎಲ್ಲರೂ ಓಡಿ ಬರುತ್ತಾರೆ. ಈ ಕಡಿವಾಣ ಕಳಚಿದರೆ ನೋವಿಲ್ಲವಾದ್ದರಿಂದ ಯಾರೂ ಬರುವುದಿಲ್ಲ.

18 ವರ್ಷಗಳಿಂದ ಮಧುಮೇಹವಿದ್ದ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ನನ್ನಲ್ಲಿಗೆ ಬಂದಿದ್ದರು. ಮೊಮ್ಮಗನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ, ಚೌಕಕ್ಕೊಂದು ಅಂಕಿಯಂತೆ, ಮೂರು ತಿಂಗಳ ನಾಡಿಯನ್ನು ಬರೆದಿಟ್ಟಿದ್ದರು: 96, 96, 97, 96. “ನೋಡಿ ಡಾಕ್ಟರೇ, ಗಡಿಯಾರವಿದ್ದ ಹಾಗೆ” ಎಂದು ಅವರಿಗೆ ಹೆಮ್ಮೆ. ಆ ಹಾಳೆ ನೋಡಿ ನನಗೆ ಆತಂಕ. ಹಿಂದಿನ ವಾರವಷ್ಟೇ ಮದುವೆ ಮನೆಯಲ್ಲಿ ಪಂಕ್ತಿಯಿಂದ ಏಳುವಾಗ ಕಣ್ಣು ಕತ್ತಲೆ ಕಟ್ಟಿ ಎಲೆಯ ಮುಂದೆಯೇ ಕುಸಿದಿದ್ದರಂತೆ. ಹೋಳಿಗೆ ಎರಡು ಹೆಚ್ಚಾಯಿತೆಂದು ಮನೆಯವರು ತೀರ್ಮಾನಿಸಿಬಿಟ್ಟಿದ್ದರು! ನಾನು ಅವರನ್ನು ಮಲಗಿಸಿ, ಇಸಿಜಿ ಹಚ್ಚಿ, ಐದು ಸೆಕೆಂಡು ಎಳೆದು ಐದು ಸೆಕೆಂಡು ಬಿಡುವಂತೆ ನಿಮಿಷಕ್ಕೆ ಆರು ಉಸಿರಾಡಿಸಿದೆ. ಎಳೆದಾಗಿನ ಮತ್ತು ಬಿಟ್ಟಾಗಿನ ನಾಡಿಯ ವೇಗಗಳ ಅಂತರ ನಿಮಿಷಕ್ಕೆ 15 ಬಡಿತ ದಾಟಿದರೆ ನೆಮ್ಮದಿ, 10ಕ್ಕಿಂತ ಕೆಳಗಿದ್ದರೆ ಅನುಮಾನ. ವಯಸ್ಸಾದಂತೆ ಅದು ತಗ್ಗುವುದುಂಟು, ಆದರೆ ಮೇಷ್ಟ್ರದ್ದು ಕೇವಲ 3. ಮಲಗಿದ್ದಾಗ 150 ಇದ್ದ ರಕ್ತದೊತ್ತಡ ಎದ್ದು ನಿಂತಾಗ 118ಕ್ಕೆ ಇಳಿಯಿತು: ಎದ್ದಾಗ ಒತ್ತಡ ಕುಸಿಯದಂತೆ ಕಾಯುವ ನರಗಳೂ ಸೊರಗಿದ್ದವು. “ಮೇಷ್ಟ್ರೇ, ಗಡಿಯಾರ ಗೋಡೆಯ ಮೇಲಿರಲಿ, ಎದೆಯೊಳಗೆ ಬೇಡ” ಎಂದೆ. ಅವರು ಪುಸ್ತಕ ಮುಚ್ಚಿದರು.

ಎಡಿನ್‌ಬರೋದ ವೈದ್ಯ ಡೇವಿಡ್ ಯೂಯಿಂಗ್ ಮತ್ತು ಸಂಗಡಿಗರು ಇಂಥ ಪರೀಕ್ಷೆಗಳನ್ನು 1970ರ ದಶಕದಿಂದಲೇ ರೂಢಿಗೆ ತಂದರು. ಸಕ್ಕರೆ ಎಷ್ಟು ಎಂದು ದಿನಕ್ಕೆ ಮೂರು ಬಾರಿ ಕೇಳುವ ನಾವು, ಒಂದೇ ನಿಮಿಷದ ಈ ಪರೀಕ್ಷೆಯನ್ನು ಇನ್ನೂ ಏಕೆ ಕೇಳುವುದಿಲ್ಲವೋ ನನಗೆ ತಿಳಿಯದು. ನರ ಹೀಗೆ ಸೊರಗಿದವರಿಗೆ ಹೃದಯಾಘಾತವಾದಾಗ ಎದೆನೋವೇ ಬಾರದೆ, ಬರೀ ಏದುಸಿರು, ಸುಸ್ತು ಕಾಣಿಸಬಹುದು. ಟೈಪ್ 2 ಮಧುಮೇಹ ಪತ್ತೆಯಾದಾಗಲೇ, ಟೈಪ್ 1 ಆದರೆ ಐದು ವರ್ಷಗಳಾದ ಮೇಲೆ, ನಿಮ್ಮ ವೈದ್ಯರನ್ನು ಕೇಳಿ: ಉಸಿರಿನೊಡನೆ ನನ್ನ ನಾಡಿ ಏರಿಳಿಯುತ್ತಿದೆಯೇ?

ಸಮಯ ಮುಗಿಯುತ್ತ ಬಂದಿದೆ, ಇನ್ನೊಂದು ಸಂಗತಿಯನ್ನು ಚುಟುಕಾಗಿ ಹೇಳುತ್ತೇನೆ. ಉಸಿರಿಗೂ ನಾಡಿಗೂ ಸಂಬಂಧವೇ ಇಲ್ಲದೆ, ತಾಳ ತಪ್ಪಿ, ಒಮ್ಮೆ ದಡದಡ, ಒಮ್ಮೆ ತಡೆದು ಬಡಿಯುವುದು ಬೇರೆಯೇ ವಿಷಯ. ಅದು ಏಟ್ರಿಯಲ್ ಫಿಬ್ರಿಲೇಷನ್ ಇರಬಹುದು. ಹೃದಯದ ಮೇಲಿನ ಕೋಣೆಯಲ್ಲಿ ಹೆಪ್ಪುಗಟ್ಟಿದ ರಕ್ತ ಮೆದುಳಿಗೆ ಹೋಗಿ ಪಾರ್ಶ್ವವಾಯು ತರಬಲ್ಲದು. ಅಂಥ ನಾಡಿ ಕೈಗೆ ಸಿಕ್ಕ ದಿನವೇ ಇಸಿಜಿ ಮಾಡಿಸಿ. ನಮಸ್ಕಾರ.